ರೋಗಿಯ ಸಾಕ್ಷ್ಯ: ರಾಯಲ್ ಫ್ರೀ ಪ್ರಕರಣದ ಮರುಪರಿಶೀಲನೆಯನ್ನು ಕುರಿತ ಒಂದು ವಿಮರ್ಶೆ

೧

೧೯೭೦ನೆಯ ಇಸವಿ ಜನವರಿ ೩ರ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಸಂಚಿಕೆಯಲ್ಲಿ ಮೆಕೀವಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಬರೆದ ಎರಡು ಲೇಖನಗಳು ಪ್ರಕಟವಾದುವು. ಅದಕ್ಕೆ ಹದಿನೈದು ವರ್ಷ ಹಿಂದೆ, ೧೯೫೫ರಲ್ಲಿ, ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಹಬ್ಬಿದ್ದ ಒಂದು ವ್ಯಾಧಿಯನ್ನು ಅವರು ಮರಳಿ ಪರಿಶೀಲಿಸಿದ್ದರು. ಅದು ನರಮಂಡಲದ ರೋಗವೆನ್ನಲು ಆಧಾರ ಅತ್ಯಲ್ಪ, ಸಾಮೂಹಿಕ ಹಿಸ್ಟೀರಿಯವೆನ್ನುವುದೇ ಹೆಚ್ಚು ಸಂಭವನೀಯ ಎಂಬುದು ಅವರ ನಿರ್ಣಯ. ಗಾತ್ರದಲ್ಲಿ ಚಿಕ್ಕವಾದ ಈ ಲೇಖನಗಳ ಪರಿಣಾಮ ಚಿಕ್ಕದಾಗಲಿಲ್ಲ. ಆ ವ್ಯಾಧಿಯಿಂದ ಮುಂದೆ ನರಳಿದವರು ವೈದ್ಯರ ಮುಂದೆ ಕುಳಿತು ತಮ್ಮ ಬಾಧೆಯನ್ನು ಹೇಳಿಕೊಂಡಾಗಲೆಲ್ಲ, ಈ ನಿರ್ಣಯವು ಕಾಣದ ಮೂರನೆಯ ವ್ಯಕ್ತಿಯಂತೆ ಆ ಕೊಠಡಿಯಲ್ಲಿ ಉಪಸ್ಥಿತವಾಗಿರುತ್ತಿತ್ತು.

ವೈದ್ಯಶಾಸ್ತ್ರಕ್ಕೆ ಸೇರಿದ ಇಂಥ ವಿಷಯವನ್ನು ಚರಿತ್ರೆಯ ಅಧ್ಯಾಪಕನೊಬ್ಬನು ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಅದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಈ ಲೇಖನಗಳು ರೂಪದಲ್ಲಿ ವೈದ್ಯಕೀಯವಾದರೂ ವಿಧಾನದಲ್ಲಿ ಐತಿಹಾಸಿಕವಾದುವು. ಲೇಖಕರ ಮುಂದೆ ರೋಗಿಗಳಿರಲಿಲ್ಲ. ಹದಿನೈದು ವರ್ಷದ ಹಳೆಯ ರೋಗಪತ್ರಗಳಿದ್ದುವು. ಅವುಗಳ ಆಧಾರದಿಂದ ಗತಿಸಿದ ಘಟನೆಯೊಂದರ ಸ್ವರೂಪವನ್ನು ನಿರ್ಣಯಿಸಹೊರಟುದು ಚರಿತ್ರಕಾರನ ಕಾರ್ಯವೇ ಸರಿ. ಇಬ್ಬರಲ್ಲಿ ಒಬ್ಬರಾದ ಕಾಲಿನ್ ಮೆಕೀವಡಿಯವರಾದರೋ ನಮ್ಮ ಶಾಸ್ತ್ರಕ್ಕೆ ಅಪರಿಚಿತರಲ್ಲ. ಪೆಂಗ್ವಿನ್ ಪ್ರಕಾಶನದವರು ೧೯೬೧ರಲ್ಲಿ ಹೊರತಂದ ಮಧ್ಯಯುಗದ ಚರಿತ್ರೆಯ ಭೂಪಟಸಂಪುಟವೂ ೧೯೬೭ರಲ್ಲಿ ಬಂದ ಪ್ರಾಚೀನ ಚರಿತ್ರೆಯ ಭೂಪಟಸಂಪುಟವೂ ಇವರ ಕೃತಿಗಳೇ. ಆದಕಾರಣ ಅವರ ಬರಹವನ್ನು ಚರಿತ್ರೆಯ ಒರೆಗಲ್ಲಿಗೆ ಹಚ್ಚುವುದು ಅನ್ಯಾಯವಾಗಲಾರದು. ಎರಡನೆಯದು, ‘ನನಗೆ ನೋವಿದೆ’ ಎಂದು ಒಬ್ಬನು ಹೇಳಿ, ‘ಪರೀಕ್ಷೆಯಲ್ಲಿ ಏನೂ ಕಾಣುತ್ತಿಲ್ಲ’ ಎಂದು ಇನ್ನೊಬ್ಬನು ಹೇಳಿದಾಗ ಯಾವ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಸಾಕ್ಷ್ಯವಿಚಾರದ ಪ್ರಶ್ನೆ. ಸಾಕ್ಷ್ಯವಿಚಾರವೇ ನಮ್ಮ ಕಸುಬು.

ರೋಗದ ಕಾರಣವನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಆ ಅಧಿಕಾರ ಲೇಖಕನಿಗಿಲ್ಲ. ನಿರ್ಣಯಕ್ಕೆ ಹಿಡಿದ ದಾರಿ ಸರಿಯೋ ಎಂಬುದಿಷ್ಟೇ ಇಲ್ಲಿನ ವಿಚಾರ.

೨

ಮೊದಲು ಘಟನೆಯನ್ನು ಸಂಗ್ರಹವಾಗಿ ತಿಳಿಯುವುದು ಅವಶ್ಯಕ. ರಾಯಲ್ ಫ್ರೀ, ಲಂಡನ್ನಿನ ಪ್ರಸಿದ್ಧ ಬೋಧಕ ಆಸ್ಪತ್ರೆಗಳಲ್ಲೊಂದು. ವೈದ್ಯವಿದ್ಯೆ ಕಲಿಯುವ ಸ್ತ್ರೀಯರಿಗೆ ೧೮೭೭ರಲ್ಲಿ ತನ್ನ ವಾರ್ಡುಗಳ ಬಾಗಿಲನ್ನು ತೆರೆದ ಕೀರ್ತಿ ಅದರದು. ಅದಕ್ಕೆ ಸೇರಿದ ವೈದ್ಯಶಾಲೆಗೆ ಪುರುಷ ವಿದ್ಯಾರ್ಥಿಗಳ ಪ್ರವೇಶವಾದುದೇ ೧೯೪೭ರಲ್ಲಿ. ಸ್ತ್ರೀಯರ ಸಂಖ್ಯೆ ಅಲ್ಲಿ ಹಿರಿದಾಗಿದ್ದಿತೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡತಕ್ಕದ್ದು.

೧೯೫೫ನೆಯ ಜುಲೈ ೧೩ರಂದು ಅಲ್ಲಿನ ನಿವಾಸಿ ವೈದ್ಯರೊಬ್ಬರೂ ವಾರ್ಡಿನ ಸಿಸ್ಟರೊಬ್ಬರೂ ಅಸ್ವಸ್ಥರಾಗಿ ಹಾಸಿಗೆ ಹಿಡಿದರು. ಜುಲೈ ೨೫ರ ಹೊತ್ತಿಗೆ ಸಿಬ್ಬಂದಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಅದೇ ಬಾಧೆಗೆ ಒಳಗಾಗಿ, ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಅದು ಪುನಃ ತೆರೆದುದು ಅಕ್ಟೋಬರ್ ೫ರಂದು. ನವೆಂಬರ್ ೨೪ರವರೆಗಿನ ಗಣನೆಯಂತೆ ಸಿಬ್ಬಂದಿಯಲ್ಲಿ ರೋಗಕ್ಕೆ ತುತ್ತಾದವರು ೨೯೨ ಮಂದಿ. ಅವರಲ್ಲಿ ೨೫೫ ಮಂದಿಯನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಯಿತು. ವಿಚಿತ್ರವೆಂದರೆ, ಮೊದಲೇ ಚಿಕಿತ್ಸೆಗಾಗಿ ಅಲ್ಲಿದ್ದ ರೋಗಿಗಳಲ್ಲಿ ಇದು ಕಾಣಿಸಿಕೊಂಡುದು ಕೇವಲ ಹನ್ನೆರಡು ಮಂದಿಗೆ.

ತಲೆನೋವು, ಗಂಟಲುನೋವು, ಅತಿಯಾದ ಗ್ಲಾನಿ, ಊದಿ ನೋಯುವ ದುಗ್ಧಗ್ರಂಥಿಗಳು, ಅಲ್ಪಜ್ವರ, ಸ್ನಾಯುಗಳ ಬೇನೆ ಮತ್ತು ಬಲಹೀನತೆ, ಕೈಕಾಲುಗಳಲ್ಲಿ ಜುಮ್ಮುಗಟ್ಟುವಿಕೆ, ಕೆಲವರಲ್ಲಿ ಕಣ್ಣಿನ ಹಾಗೂ ಮುಖದ ಸ್ನಾಯುಗಳ ದುರ್ಬಲತೆ, ಇವು ಮುಖ್ಯವಾಗಿ ಕಂಡುಬಂದುವು. ಯಾರೂ ಸಾಯಲಿಲ್ಲ. ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ ಏನೂ ತಿಳಿಯಲಿಲ್ಲ. ಯಾವ ರೋಗಾಣುವೂ ಸಿಕ್ಕಲಿಲ್ಲ. ಆಸ್ಪತ್ರೆಯ ವೈದ್ಯವರ್ಗದವರು ೧೯೫೭ರಲ್ಲಿ ಇದೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ತಮ್ಮ ವರದಿಯನ್ನು ಪ್ರಕಟಿಸಿ, ಇದೊಂದು ಸೋಂಕಿನ ರೋಗವೆಂದೂ ನರಮಂಡಲವನ್ನು ಬಾಧಿಸುವಂಥದೆಂದೂ ಅಭಿಪ್ರಾಯಪಟ್ಟರು. ಇದನ್ನು ಹೋಲುವ ವ್ಯಾಧಿ ೧೯೩೪ರಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಯ ಸಿಬ್ಬಂದಿಯಲ್ಲಿಯೂ ೧೯೪೮-೪೯ರಲ್ಲಿ ಐಸ್‌ಲೆಂಡಿನ ಆಕುರೇರಿ ಪಟ್ಟಣದಲ್ಲಿಯೂ ಕಾಣಿಸಿಕೊಂಡಿತ್ತು. ೧೯೫೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕೀಯವು ಇದಕ್ಕೆ ‘ಬಿನೈನ್ ಮಯಾಲ್ಜಿಕ್ ಎನ್ಸೆಫಲೋಮಯಲೈಟಿಸ್’ ಎಂಬ ಹೆಸರನ್ನು ಸೂಚಿಸಿತು. ‘ಬಿನೈನ್’ ಎಂದರೆ ಸೌಮ್ಯವಾದುದು. ಮರಣವಿಲ್ಲವೆಂಬ ಕಾರಣದಿಂದ ಬಂದ ಆ ವಿಶೇಷಣ, ವರ್ಷಗಟ್ಟಲೆ ಏಳಲಾರದೆ ಮಲಗಿದವರ ಪಾಲಿಗೆ ಕ್ರೂರವಾಗಿಯೇ ಕೇಳಿಸಿರಬೇಕು. ಹೆಸರಿನ ಆ ಭಾಗ ಮುಂದೆ ಬಳಕೆಯಿಂದ ಬಿದ್ದುಹೋಯಿತು.

೩

ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಖಂಡನೆಗೆ ತೊಡಗುವುದು ಸಲ್ಲದು. ಮೆಕೀವಡಿ ಮತ್ತು ಬಿಯರ್ಡರ ವಾದದ ಅಂಗಗಳು ಐದು. ಒಂದು: ಪುರುಷರಿಗಿಂತ ಸ್ತ್ರೀಯರಲ್ಲಿ ರೋಗದ ಪ್ರಮಾಣ ಬಹಳ ಹೆಚ್ಚು. ಎರಡು: ರೋಗಿಗಳು ಹೇಳಿಕೊಂಡ ಗ್ಲಾನಿ ತೀವ್ರ, ಅಳೆದಾಗ ಕಂಡ ಜ್ವರ ಅಲ್ಪ. ಮೂರು: ಅವರು ಹೇಳಿದ ಅನುಭವಗಳು, ಹಿಂದೊಮ್ಮೆ ನಡೆದ ಹಿಸ್ಟೀರಿಯಾಜನ್ಯ ಏದುಸಿರಿನ ಪ್ರಕರಣದ ಅನುಭವಗಳನ್ನು ಹೋಲುತ್ತವೆ. ನಾಲ್ಕು: ಕೈಗವಸು, ಕಾಲುಚೀಲಗಳ ಆಕಾರದಲ್ಲಿ ಸ್ಪರ್ಶಜ್ಞಾನ ನಷ್ಟವಾದುದು ಹಿಸ್ಟೀರಿಯದ ಗುರುತು. ಐದು: ವಿಶೇಷ ಪರೀಕ್ಷೆಗಳ ಫಲ ಸಹಜವಾಗಿದೆ. ಎರಡನೆಯ ಲೇಖನದಲ್ಲಿ ಅವರು ಇನ್ನೂ ಮುಂದೆ ಹೋಗಿ, ಇಂಥವೆಂದು ದಾಖಲಾಗಿದ್ದ ಹದಿನೈದು ಪ್ರಕರಣಗಳನ್ನು ಒಟ್ಟಿಗೆ ತೆಗೆದುಕೊಂಡು, ಎಲ್ಲಕ್ಕೂ ಎರಡೇ ವಿವರಣೆಗಳನ್ನು ಕೊಟ್ಟರು: ರೋಗಿಗಳ ಸಾಮೂಹಿಕ ಹಿಸ್ಟೀರಿಯ, ಇಲ್ಲವೇ ವೈದ್ಯರ ದೃಷ್ಟಿಯೇ ಮಾರ್ಪಟ್ಟು ಸಾಮಾನ್ಯ ಅಸ್ವಾಸ್ಥ್ಯಗಳೆಲ್ಲ ಒಂದು ಹೊಸ ರೋಗದಂತೆ ಕಂಡುದು. ರೋಗಕ್ಕೆ ‘ಮಯಾಲ್ಜಿಯಾ ನರ್ವೋಸಾ’ ಎಂಬ ಬೇರೆ ಹೆಸರನ್ನೂ ಸೂಚಿಸಿದರು.

ವೈದ್ಯರ ದೃಷ್ಟಿ ಮಾರ್ಪಡಬಹುದೆಂಬ ಮಾತು ತೀಕ್ಷ್ಣವಾದುದು, ಸತ್ಯವೂ ಆದುದು. ನೋಡುವವನ ನಿರೀಕ್ಷೆ ನೋಟವನ್ನು ರೂಪಿಸುತ್ತದೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗೆ ಹೇಳಬೇಕಾಗಿಲ್ಲ. ಆದರೆ ಆ ನಿಯಮವನ್ನು ೧೯೫೫ರ ವೈದ್ಯರಿಗೆ ಅನ್ವಯಿಸಿದ ಲೇಖಕರು ೧೯೭೦ರ ತಮಗೆ ಅನ್ವಯಿಸಿಕೊಳ್ಳಲಿಲ್ಲ. ಮೂರನೆಯ ಅಂಶದಲ್ಲಿ ಹೇಳಿದ ಏದುಸಿರಿನ ಪ್ರಕರಣ ನಡೆದುದು ೧೯೬೫ರಲ್ಲಿ, ಬ್ಲ್ಯಾಕ್‌ಬರ್ನ್ ಪಟ್ಟಣದ ಶಾಲಾಬಾಲಿಕೆಯರಲ್ಲಿ. ಅದನ್ನು ಅಧ್ಯಯನ ಮಾಡಿ ೧೯೬೬ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು ಇದೇ ಮೆಕೀವಡಿ. ಹಿಸ್ಟೀರಿಯವನ್ನು ಒಮ್ಮೆ ಕಂಡು ಬಂದ ಕಣ್ಣಿಗೆ ಹಳೆಯ ಕಾಗದಗಳಲ್ಲಿಯೂ ಅದೇ ಕಂಡಿದ್ದರೆ ಆಶ್ಚರ್ಯವಿಲ್ಲ. ಇಷ್ಟರಿಂದಲೇ ಅವರ ವಾದ ಸುಳ್ಳಾಗುವುದಿಲ್ಲ, ನಿಜ. ಆದರೆ ದಾಖಲೆಯನ್ನು ಓದುವವನ ಪೂರ್ವಗ್ರಹವನ್ನೂ ದಾಖಲೆಯ ಜೊತೆಗೇ ತೂಗಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ.

೪

ವಿಧಾನದ ಪ್ರಥಮ ದೋಷ, ಜೀವಂತ ಸಾಕ್ಷಿಗಳನ್ನು ಕೇಳದಿರುವುದು. ಅಶೋಕನ ಕಾಲದ ಲಿಪಿಕಾರನನ್ನು ಕರೆದು ಪ್ರಶ್ನಿಸುವ ಸೌಲಭ್ಯ ನಮಗಿಲ್ಲ. ಶಿಲೆ ಎಷ್ಟು ಹೇಳುವುದೋ ಅಷ್ಟರಿಂದಲೇ ತೃಪ್ತರಾಗಬೇಕು. ೧೯೭೦ರಲ್ಲಿ ಮೆಕೀವಡಿ ಮತ್ತು ಬಿಯರ್ಡರ ಸ್ಥಿತಿ ಹಾಗಿರಲಿಲ್ಲ. ೧೯೫೫ರಲ್ಲಿ ರೋಗ ಅನುಭವಿಸಿದವರು ಬಹುಮಟ್ಟಿಗೆ ಯುವವಯಸ್ಕರು. ಹದಿನೈದು ವರ್ಷಗಳ ಅನಂತರ ನಡುವಯಸ್ಸಿನವರಾಗಿ ಬದುಕಿದ್ದರು. ಅವರನ್ನು ಶುಶ್ರೂಷೆ ಮಾಡಿದ ವೈದ್ಯರೂ ಇದ್ದರು. ಸೋಂಕುರೋಗಗಳ ತಜ್ಞರಾದ ಮೆಲ್ವಿನ್ ರಾಮ್ಸೆಯವರು ಆ ದಿನಗಳನ್ನು ಕಣ್ಣಾರೆ ಕಂಡವರು. ಈ ರೋಗಿಗಳ ಪರವಾಗಿ ಮುಂದೆ ಜೀವಮಾನವೆಲ್ಲ ಬರೆದವರು. ಲೇಖಕರು ಅಂದಿನ ರೋಗಿಗಳನ್ನು ಪರೀಕ್ಷಿಸಲೂ ಇಲ್ಲ, ಪ್ರಶ್ನಿಸಲೂ ಇಲ್ಲವೆಂಬುದೇ ರಾಮ್ಸೆಯವರ ಮುಖ್ಯ ಆಕ್ಷೇಪವಾಗಿತ್ತು.

ರೋಗಪತ್ರವೆಂಬುದು ರೋಗಿಯ ಮಾತಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ರೋಗಿ ಹತ್ತು ಮಾತು ಹೇಳಿದರೆ ವೈದ್ಯನು ತನಗೆ ಬೇಕಾದ ಮೂರನ್ನು ತನ್ನ ಪರಿಭಾಷೆಯಲ್ಲಿ ಬರೆದುಕೊಳ್ಳುತ್ತಾನೆ. ‘ಮೆಟ್ಟಿಲು ಹತ್ತಿದ ಮರುದಿನ ಮುಂಗೈಯನ್ನೂ ಎತ್ತಲಾರೆನು’ ಎಂಬ ವಾಕ್ಯ ಕಾಗದದ ಮೇಲೆ ‘ದಣಿವು’ ಎಂಬ ಒಂದೇ ಶಬ್ದವಾಗುತ್ತದೆ. ಗಡಿಬಿಡಿಯ ವಾರ್ಡಿನಲ್ಲಿ ಬರೆದ ಟಿಪ್ಪಣಿ ರೋಗಿಯನ್ನು ಅಂದಿನ ದಿನ ನೋಡಿಕೊಳ್ಳಲು ಸಾಕು. ಅವನ ಅನುಭವದ ಸ್ವರೂಪವನ್ನು ಹದಿನೈದು ವರ್ಷದ ಮೇಲೆ ನಿರ್ಣಯಿಸಲು ಸಾಲದು. ಕಂದಾಯದ ಕಡತವನ್ನು ಓದಿ ರೈತನ ಮನಸ್ಸನ್ನು ತಿಳಿದೆವೆನ್ನುವವನ ಭ್ರಾಂತಿಯೂ ಇಂಥದೇ.

ನಮ್ಮ ದೇಶದ ವೈದ್ಯಗ್ರಂಥಗಳಲ್ಲಿ ರೋಗಿಪರೀಕ್ಷೆಗೆ ಮೂರು ಸಾಧನಗಳನ್ನು ಹೇಳಿದೆ. ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ಅವು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಹೆಸರಿನಿಂದ ಬರುತ್ತವೆ. ಕಣ್ಣಿನಿಂದ ನೋಡುವುದು, ಕೈಯಿಂದ ಮುಟ್ಟುವುದು, ಬಾಯಿಂದ ಕೇಳುವುದು. ಪ್ರಾಚೀನವಾದುದರಿಂದಲೇ ಇದು ಪ್ರಮಾಣವೆಂದು ವಾದಿಸುವುದು ನನ್ನ ಇಷ್ಟವಲ್ಲ. ಯಾವ ಪದ್ಧತಿಯ ವೈದ್ಯನೂ ಒಪ್ಪುವ ವಿವೇಕ ಇದರಲ್ಲಿದೆಯೆಂದಷ್ಟೇ ಹೇಳಬೇಕಾಗಿದೆ. ಆ ಮೂರರಲ್ಲಿ ಒಂದನ್ನೂ ಬಳಸದೆ ನೂರಾರು ಮಂದಿಯ ರೋಗವನ್ನು ನಿರ್ಣಯಿಸಿದುದು ೧೯೭೦ರ ಲೇಖನದ ವೈಶಿಷ್ಟ್ಯ.

ಪ್ರಶ್ನೆಯನ್ನು ಕೇಳಿದವರು ಬಹುಕಾಲದ ಮೇಲೆ ಬಂದರು. ರೋಸ್ಮರಿ ಅಂಡರ್‌ಹಿಲ್ ಮತ್ತು ರೋಸ್ಮರಿ ಬೈಲಾಡ್ ಎಂಬ ವೈದ್ಯರಿಬ್ಬರು, ಆಸ್ಪತ್ರೆಯ ಹಳೆಯ ಸಿಬ್ಬಂದಿಯ ಸಂಘಗಳ ವಾರ್ತಾಪತ್ರಗಳ ಮೂಲಕ ವಿಜ್ಞಾಪನೆ ಹೊರಡಿಸಿ, ೧೯೫೫ನ್ನು ಕಂಡಿದ್ದ ೨೭ ಮಂದಿಯ ಹೇಳಿಕೆಗಳನ್ನು ಪಡೆದರು. ಅವರಲ್ಲಿ ಹತ್ತು ಮಂದಿ ಸ್ವತಃ ರೋಗ ಅನುಭವಿಸಿದ್ದವರು. ಈ ಹೇಳಿಕೆಗಳನ್ನು ಮೂಲ ವರದಿಗಳೊಡನೆ ತೂಗಿನೋಡಿ, ಹಿಸ್ಟೀರಿಯದ ವಾದ ಘಟನೆಯನ್ನು ಸಮರ್ಪಕವಾಗಿ ವಿವರಿಸಲಾರದೆಂದೂ, ಸೋಂಕುರೋಗದ ಹಲವು ಲಕ್ಷಣಗಳು ಅದರಲ್ಲಿದ್ದುವೆಂದೂ ಅವರು ೨೦೨೧ರಲ್ಲಿ ಪ್ರಕಟಿಸಿದರು. ಅರುವತ್ತು ವರ್ಷಕ್ಕೂ ಮೀರಿದ ನೆನಪಿಗೆ ಅದರದೇ ಆದ ದೌರ್ಬಲ್ಯಗಳುಂಟು. ವಿಜ್ಞಾಪನೆಗೆ ಓಗೊಟ್ಟವರು ಎಲ್ಲರ ಪ್ರತಿನಿಧಿಗಳೆಂದು ಹೇಳಲಾಗದು. ಆದರೂ ೨೦೨೧ರಲ್ಲಿ ಇಷ್ಟು ಸಾಧ್ಯವಾಗಿದ್ದರೆ ೧೯೭೦ರಲ್ಲಿ ಎಷ್ಟು ಸಾಧ್ಯವಿತ್ತೆಂಬುದನ್ನು ವಾಚಕರೇ ಊಹಿಸಬಹುದು.

೫

ಎರಡನೆಯ ದೋಷ ಇನ್ನೂ ಗಹನವಾದುದು. ‘ಪರೀಕ್ಷೆಗಳ ಫಲ ಸಹಜ, ಆದ್ದರಿಂದ ದೇಹದಲ್ಲಿ ರೋಗವಿಲ್ಲ, ಆದ್ದರಿಂದ ರೋಗ ಮನಸ್ಸಿನದು’ ಎಂಬ ಮೂರು ಮೆಟ್ಟಿಲಿನ ತರ್ಕ ಈ ಲೇಖನಗಳ ಹಿನ್ನೆಲೆಯಲ್ಲಿ ನಿಂತಿದೆ. ಇಂದಿಗೂ ವೈದ್ಯರ ಕೊಠಡಿಗಳಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗುವ ತರ್ಕವೂ ಇದೇ. ‘ರಿಪೋರ್ಟೆಲ್ಲ ನಾರ್ಮಲ್, ನಿಮಗೆ ಏನೂ ಇಲ್ಲ’ ಎಂಬ ಮಾತನ್ನು ಕೇಳದ ದೀರ್ಘರೋಗಿ ನಮ್ಮ ನಾಡಿನಲ್ಲಿಯೂ ವಿರಳ.

ಭಾರತೀಯ ದರ್ಶನಕಾರರು ಈ ವಿಷಯವನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ಯನ್ನು, ಎಂದರೆ ಕಾಣದಿರುವುದನ್ನು, ಒಂದು ಸ್ವತಂತ್ರ ಪ್ರಮಾಣವೆಂದು ಅಂಗೀಕರಿಸಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯಬಹುದು. ಆದರೆ ಇದಕ್ಕೆ ಅವರೊಂದು ಕಟ್ಟನ್ನು ಹಾಕಿದರು. ಕಾಣುವುದಕ್ಕೆ ಯೋಗ್ಯವಾದ ವಸ್ತು, ಕಾಣಲು ತಕ್ಕ ಸನ್ನಿವೇಶದಲ್ಲಿ ಕಾಣದೆ ಹೋದರೆ ಮಾತ್ರ ಅದರ ಅಭಾವ ಸಿದ್ಧಿಸುತ್ತದೆ. ಇದಕ್ಕೇ ‘ಯೋಗ್ಯಾನುಪಲಬ್ಧಿ’ ಎಂದು ಹೆಸರು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆಯಿಲ್ಲವೆಂದಲ್ಲ, ದೀಪವಿಲ್ಲವೆಂದು ಅರ್ಥ.

ಈಗ ಪ್ರಶ್ನೆ ಸ್ಪಷ್ಟವಾಗುತ್ತದೆ. ೧೯೫೫ರಲ್ಲಿ ಮಾಡಿದ ಪರೀಕ್ಷೆಗಳು ಈ ರೋಗವನ್ನು ಕಾಣಲು ಯೋಗ್ಯವಾದ ದೀಪಗಳಾಗಿದ್ದುವೇ? ಬೆನ್ನುಹುರಿಯ ದ್ರವ ಸಹಜವಾಗಿದ್ದುದು ಕೆಲವು ರೋಗಗಳನ್ನು ದೂರಮಾಡುತ್ತದೆ, ಎಲ್ಲವನ್ನೂ ಅಲ್ಲ. ಮೆದುಳಿನ ಒಳಚಿತ್ರವನ್ನು ತೆಗೆಯುವ ಇಂದಿನ ಯಂತ್ರಗಳು ಆಗ ಇರಲಿಲ್ಲ. ಅಷ್ಟೇ ಅಲ್ಲ, ಇದ್ದ ದೀಪಗಳೆಲ್ಲವೂ ಏನನ್ನೂ ತೋರಲಿಲ್ಲವೆಂಬುದೂ ಪೂರ್ಣಸತ್ಯವಲ್ಲ. ಕೆಲವು ರೋಗಿಗಳ ಸ್ನಾಯುಗಳ ವಿದ್ಯುತ್‌ಪರೀಕ್ಷೆಯಲ್ಲಿ ಅಸಹಜತೆ ಕಂಡಿತ್ತೆಂದು ಆ ಕಾಲದ ವರದಿಗಳಿಂದ ತಿಳಿದುಬರುತ್ತದೆ. ದುಗ್ಧಗ್ರಂಥಿಗಳು ಊದಿದ್ದುದನ್ನೂ ಕಣ್ಣಿನ ಸ್ನಾಯುಗಳು ಸೋತಿದ್ದುದನ್ನೂ ವೈದ್ಯರೇ ಗುರುತಿಸಿದ್ದರು. ಇವು ರೋಗಿ ಹೇಳಿದ ಲಕ್ಷಣಗಳಲ್ಲ, ವೈದ್ಯನು ಕಂಡ ಚಿಹ್ನೆಗಳು.

ಕೈಗವಸಿನ ಆಕಾರದ ಸ್ಪರ್ಶನಷ್ಟವನ್ನು ಕುರಿತೂ ಒಂದು ಮಾತು. ನರಗಳ ಹಂಚಿಕೆಗೆ ಹೊಂದದ ಸ್ಪರ್ಶನಷ್ಟ ಹಿಸ್ಟೀರಿಯದ ಗುರುತೆಂಬುದು ಹಳೆಯ ವೈದ್ಯಬೋಧೆ. ಆದರೆ ಕೈಕಾಲುಗಳ ತುದಿಯಿಂದ ಮೇಲಕ್ಕೆ ಹರಡುವ ನರರೋಗಗಳಲ್ಲಿ, ಉದಾಹರಣೆಗೆ ಮಧುಮೇಹದಿಂದ ಬರುವ ನರರೋಗದಲ್ಲಿ, ಕೈಗವಸು ಕಾಲುಚೀಲಗಳ ಆಕಾರದ ನಷ್ಟವೇ ಕಾಣಿಸುತ್ತದೆ. ಒಂದೇ ಚಿಹ್ನೆ ಎರಡು ಕಾರಣಗಳಿಂದ ಬರಬಹುದಾದಾಗ ಅದರಿಂದ ಒಂದೇ ಕಾರಣವನ್ನು ಊಹಿಸುವುದು ತರ್ಕದಲ್ಲಿ ವ್ಯಭಿಚಾರದೋಷ.

೬

ಮೂರನೆಯದು, ಸಾಕ್ಷಿಯ ಜಾತಿಯನ್ನು ನೋಡಿ ಸಾಕ್ಷ್ಯವನ್ನು ಅಳೆದುದು. ಸ್ತ್ರೀಯರಲ್ಲಿ ರೋಗದ ಪ್ರಮಾಣ ಹೆಚ್ಚೆಂಬುದು ಲೇಖಕರ ಪಟ್ಟಿಯಲ್ಲಿ ಮೊದಲು ಬರುವ ಆಧಾರ. ಆಸ್ಪತ್ರೆಯಲ್ಲಿ ಸ್ತ್ರೀಯರೇ ಅಧಿಕವಾಗಿದ್ದರೆಂಬ ಉತ್ತರವೊಂದೇ ಇಲ್ಲಿ ಸಾಲದೆಂಬುದನ್ನು ಒಪ್ಪಬೇಕು. ಏಕೆಂದರೆ ಅವರು ಹೇಳಿದುದು ಸಂಖ್ಯೆಯನ್ನಲ್ಲ, ಪ್ರಮಾಣವನ್ನು. ಆದರೆ ಶುಶ್ರೂಷಕಿಯರು ನಿವಾಸಗಳಲ್ಲಿ ಒಟ್ಟಿಗೆ ವಾಸಮಾಡಿ ಒಟ್ಟಿಗೆ ಉಣ್ಣುತ್ತಿದ್ದವರು. ಹತ್ತಿರದ ಸಹವಾಸದಲ್ಲಿ ಹಿಸ್ಟೀರಿಯ ಹರಡುವುದಾದರೆ ಸೋಂಕೂ ಹರಡುತ್ತದೆ. ಸಂಧಿವಾತವೇ ಮೊದಲಾದ ಎಷ್ಟೋ ದೈಹಿಕ ರೋಗಗಳು ಸ್ತ್ರೀಯರಲ್ಲಿ ಹೆಚ್ಚು. ಅವುಗಳನ್ನು ಯಾರೂ ಹಿಸ್ಟೀರಿಯವೆನ್ನುವುದಿಲ್ಲ. ಹೀಗಿರುವಾಗ ಸ್ತ್ರೀಯರ ಆಧಿಕ್ಯ ಎರಡು ಪಕ್ಷಕ್ಕೂ ಸಮಾನ. ಅದು ಒಂದು ಪಕ್ಷಕ್ಕೆ ಮಾತ್ರ ಆಧಾರವಾಗಿ ತೋರಬೇಕಾದರೆ, ಸ್ತ್ರೀ ಎಂದರೆ ಹಿಸ್ಟೀರಿಯಕ್ಕೆ ಸಹಜವಾದ ಪಾತ್ರವೆಂಬ ಗ್ರಹಿಕೆ ಮೊದಲೇ ಮನಸ್ಸಿನಲ್ಲಿ ನೆಲೆಸಿರಬೇಕು. ‘ಹಿಸ್ಟೀರಿಯ’ ಎಂಬ ಶಬ್ದವೇ ಗರ್ಭಕೋಶವೆಂಬ ಅರ್ಥದ ಗ್ರೀಕ್ ಮೂಲದಿಂದ ಬಂದುದು. ಆ ಶಬ್ದದ ಚರಿತ್ರೆ ವಾದದೊಳಕ್ಕೆ ಕರೆಯದೆಯೇ ಬಂದು ಕುಳಿತಿದೆ.

ಸಾಕ್ಷಿಗಳಾದವರು ಅಜ್ಞರಲ್ಲವೆಂಬುದನ್ನೂ ಗಮನಿಸಬೇಕು. ಅವರು ಶುಶ್ರೂಷಕಿಯರು, ವೈದ್ಯರು; ದಿನವೂ ಅನ್ಯರ ರೋಗಲಕ್ಷಣಗಳನ್ನು ಗುರುತಿಸಿ ಬರೆಯುವುದೇ ಅವರ ವೃತ್ತಿ. ನೆನ್ನೆಯವರೆಗೆ ಪ್ರಮಾಣವಾಗಿದ್ದ ಅವರ ಮಾತು, ಮೇಜಿನ ಈಚೆಯಿಂದ ಹಾಸಿಗೆಯ ಮೇಲಕ್ಕೆ ಹೋದ ಕೂಡಲೆ ಅಪ್ರಮಾಣವಾಯಿತು. ಅವರ ಜ್ಞಾನ ಕಡಮೆಯಾಗಿರಲಿಲ್ಲ; ಸ್ಥಾನ ಬದಲಾಗಿತ್ತು.

ಇದೇ ಲೇಖಕರು ೧೯೭೩ರಲ್ಲಿ ಮತ್ತೊಂದು ಲೇಖನವನ್ನು ಪ್ರಕಟಿಸಿದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಹಿಂದೆ ರೋಗಕ್ಕೆ ಒಳಗಾದವರನ್ನೂ ಒಳಗಾಗದವರನ್ನೂ ಹೋಲಿಸಿ, ಮನಸ್ಸಿನ ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯ ಮೂಲಕ ತಮ್ಮ ವಾದಕ್ಕೆ ಪುಷ್ಟಿಯನ್ನು ಅರಸಿದರು. ಆದರೆ ಇಲ್ಲಿ ಪೌರ್ವಾಪರ್ಯದ ಪ್ರಶ್ನೆ ಏಳುತ್ತದೆ. ದೀರ್ಘರೋಗವನ್ನು ಅನುಭವಿಸಿ, ಅದನ್ನು ಯಾರೂ ನಂಬದುದನ್ನೂ ಅನುಭವಿಸಿದವರ ಮನಸ್ಸು ಕದಡಿರುವುದು ರೋಗದ ಫಲವೂ ಆಗಬಹುದು. ಪ್ರವಾಹದ ಅನಂತರ ಊರಿನಲ್ಲಿ ಕೆಸರನ್ನು ಕಂಡು, ಕೆಸರಿನಿಂದಲೇ ಪ್ರವಾಹ ಬಂದಿತೆನ್ನಲಾಗದು.

೭

ಈ ವಿಮರ್ಶೆಗೆ ಬರಬಹುದಾದ ಆಕ್ಷೇಪಗಳನ್ನೂ ವಿಚಾರಿಸಬೇಕು. ರೋಗಿ ಹೇಳಿದುದೆಲ್ಲವನ್ನೂ ವೈದ್ಯನು ನಂಬಬೇಕೆ? ಮನಸ್ಸಿನ ಕಾರಣದಿಂದ ದೇಹದಲ್ಲಿ ಬಾಧೆಗಳು ತೋರುವುದೇ ಇಲ್ಲವೆ? ತೋರುತ್ತವೆ, ಆ ಬಾಧೆಗಳೂ ಸುಳ್ಳಲ್ಲ. ಮನೋರೋಗವೆಂದರೆ ನಟನೆಯೆಂದು ತಿಳಿಯುವುದು ಇನ್ನೊಂದು ಅನ್ಯಾಯ. ರೋಗಿಯ ಪರವಾಗಿ ಮಾತನಾಡುವ ಭರದಲ್ಲಿ ನಾವು ಆ ಅನ್ಯಾಯದಲ್ಲಿ ಭಾಗಿಗಳಾಗಬಾರದು. ೧೯೫೫ರ ವೈದ್ಯರಿಗೆ ಹಿಸ್ಟೀರಿಯದ ಸಾಧ್ಯತೆ ಹೊಳೆಯದೆ ಇರಲಿಲ್ಲ. ಅವರು ಅದನ್ನು ಆಲೋಚಿಸಿಯೇ ಬದಿಗಿಟ್ಟರು. ಹಿಸ್ಟೀರಿಯವನ್ನು ಆಲೋಚಿಸಿದುದು ತಪ್ಪಲ್ಲ. ಇನ್ನಾವುದೂ ಸಿದ್ಧವಾಗಲಿಲ್ಲವೆಂದು ಅದನ್ನು ಸಿದ್ಧವೆನ್ನುವುದು ತಪ್ಪು.

ಈ ಎಚ್ಚರಿಕೆ ೧೯೭೦ಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಕೇಳಿಬಂದಿತ್ತು. ಎಲಿಯಟ್ ಸ್ಲೇಟರ್ ಎಂಬ ಮನೋವೈದ್ಯರು, ನರರೋಗಗಳಿಗೆ ಮೀಸಲಾದ ಲಂಡನ್ನಿನ ಆಸ್ಪತ್ರೆಯಲ್ಲಿ ಹಿಸ್ಟೀರಿಯವೆಂದು ನಿರ್ಣಯಿಸಲ್ಪಟ್ಟಿದ್ದ ೮೫ ರೋಗಿಗಳ ಮುಂದಿನ ಗತಿಯನ್ನು ಹಿಂಬಾಲಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ದೈಹಿಕವಾದ ರೋಗವೇ ಇದ್ದುದು, ಇಲ್ಲವೆ ಮುಂದೆ ಪ್ರಕಟವಾದುದು ತಿಳಿದುಬಂದಿತು. ಈ ನಿರ್ಣಯ ಅಜ್ಞಾನವನ್ನು ಮುಚ್ಚುವ ವೇಷವೆಂದು ಅವರು ೧೯೬೫ರಲ್ಲಿ ಎಚ್ಚರಿಸಿದರು. ಅದೂ ಇದೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ. ಅದಾದ ಐದು ವರ್ಷಕ್ಕೆ ಅದೇ ಪತ್ರಿಕೆಯಲ್ಲಿ ಮೆಕೀವಡಿ ಮತ್ತು ಬಿಯರ್ಡರ ಲೇಖನಗಳು ಬಂದುವು. ೧೯೭೦ರಿಂದೀಚೆಗೆ ಇಂಥ ತಪ್ಪುನಿರ್ಣಯಗಳ ಪ್ರಮಾಣ ನೂರಕ್ಕೆ ನಾಲ್ಕರಷ್ಟಕ್ಕೆ ಇಳಿದಿದೆಯೆಂದು ೨೦೦೫ರಲ್ಲಿ ಪ್ರಕಟವಾದ ಸಮಗ್ರ ಸಮೀಕ್ಷೆಯೊಂದು ತೋರಿಸಿತು. ಇದು ಸಂತೋಷದ ವಿಷಯ. ಈ ಇಳಿತಕ್ಕೆ ಹೊಸ ಪರೀಕ್ಷಾಸಾಧನಗಳೆಂಬ ದೀಪಗಳಿಗಿಂತ ಅಧ್ಯಯನಗಳ ಗುಣಮಟ್ಟ ಸುಧಾರಿಸಿದುದೇ ಕಾರಣವಾಗಿರಬಹುದೆಂಬುದು ಆ ಸಮೀಕ್ಷೆಯದೇ ಅಭಿಪ್ರಾಯ. ಆದರೆ ದೀಪವೇ ದೊರೆಯದ ರೋಗಗಳಿಗೆ ಈ ಸಮಾಧಾನ ಅನ್ವಯಿಸದು.

ಇಲ್ಲಿ ನಾವು ಹಿಡಿಯಬೇಕಾದ ಸೂತ್ರ ಇಷ್ಟು. ಬಾಧೆಗೆ ರೋಗಿ ಸಾಕ್ಷಿ; ಕಾರಣಕ್ಕೆ ಅವನು ಸಾಕ್ಷಿಯಲ್ಲ. ‘ನನಗೆ ಬಲವಿಲ್ಲ’ ಎಂಬ ಅವನ ಮಾತು ಪ್ರತ್ಯಕ್ಷಾನುಭವದ ಮಾತು. ‘ಇದು ವೈರಾಣುವಿನಿಂದ ಬಂದಿದೆ’ ಎಂಬುದು ಅವನ ಊಹೆ. ಅಂತೆಯೇ ‘ಪರೀಕ್ಷೆಯಲ್ಲಿ ಕಾಣಲಿಲ್ಲ’ ಎಂಬುದು ವೈದ್ಯನ ಪ್ರತ್ಯಕ್ಷ. ‘ನಿಮಗೆ ಏನೂ ಇಲ್ಲ’ ಎಂಬುದು ಅವನ ಊಹೆ. ಇಬ್ಬರ ಪ್ರತ್ಯಕ್ಷಗಳೂ ಏಕಕಾಲದಲ್ಲಿ ನಿಜವಾಗಿರಬಹುದು. ಅವು ಪರಸ್ಪರ ವಿರುದ್ಧವಲ್ಲ. ವಿರೋಧ ಹುಟ್ಟುವುದು ಒಬ್ಬನ ಊಹೆ ಇನ್ನೊಬ್ಬನ ಪ್ರತ್ಯಕ್ಷವನ್ನು ಅಳಿಸಹೊರಟಾಗ. ‘ಕಾರಣ ನನಗೆ ತಿಳಿಯದು’ ಎಂದು ಹೇಳಲು ವೈದ್ಯನಿಗೆ ಬೇಕಾದ ಧೈರ್ಯ ಅಲ್ಪವಲ್ಲ; ರೋಗಿಗೆ ಅದರಿಂದ ಆಗುವ ಉಪಕಾರವೂ ಅಲ್ಪವಲ್ಲ.

೮

ಕಾಗದದ ಮೇಲಿನ ತಪ್ಪು ಕಾಗದದ ಮೇಲೆಯೇ ಉಳಿಯುವುದಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ದೇಹದಲ್ಲಿ ರೋಗವಿಲ್ಲವೆಂದ ಮೇಲೆ ದೇಹವನ್ನು ದುಡಿಸಿದರೆ ಹಾನಿಯಿಲ್ಲವೆಂಬುದು ಸಹಜವಾದ ಮುಂದಿನ ಹೆಜ್ಜೆ. ಈ ರೋಗಕ್ಕೆ ದಿನದಿನಕ್ಕೆ ವ್ಯಾಯಾಮವನ್ನು ಏರಿಸುತ್ತ ಹೋಗುವ ಚಿಕಿತ್ಸೆ ಬಳಕೆಗೆ ಬಂದಿತು. ಬ್ರಿಟನ್ನಿನಲ್ಲಿ ಚಿಕಿತ್ಸಾಕ್ರಮಗಳನ್ನು ನಿರ್ದೇಶಿಸುವ ನೈಸ್ ಎಂಬ ರಾಷ್ಟ್ರೀಯ ಸಂ‌ಸ್ಥೆ ೨೦೦೭ರಲ್ಲಿ ಅದನ್ನು ಶಿಫಾರಸು ಮಾಡಿತು. ಅಲ್ಪಶ್ರಮದ ಮೇಲೂ ಮರುದಿನ ತಮ್ಮ ಸ್ಥಿತಿ ಕುಸಿಯುವುದೆಂದು ರೋಗಿಗಳು ಹೇಳುತ್ತಲೇ ಇದ್ದರು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ೨೦೧೫ರ ತನ್ನ ವರದಿಯಲ್ಲಿ, ಇದು ದೇಹದ ಹಲವು ವ್ಯವಸ್ಥೆಗಳನ್ನು ಬಾಧಿಸುವ ಗಂಭೀರವಾದ ದೀರ್ಘರೋಗವೆಂದು ಸಾರಿ, ಶ್ರಮಾನಂತರದ ಆ ಕುಸಿತವನ್ನೇ ರೋಗದ ಮುಖ್ಯಲಕ್ಷಣಗಳಲ್ಲಿ ಸೇರಿಸಿತು. ಆ ದೇಶವೊಂದರಲ್ಲಿಯೇ ೮,೩೬,೦೦೦ದಿಂದ ೨೫ ಲಕ್ಷದವರೆಗೆ ರೋಗಿಗಳಿರಬಹುದೆಂದು ಅದು ಅಂದಾಜು ಮಾಡಿತು. ನೈಸ್ ಸಂಸ್ಥೆಯೂ ೨೦೨೧ರ ಅಕ್ಟೋಬರಿನಲ್ಲಿ ತನ್ನ ಹಿಂದಿನ ನಿರ್ದೇಶನವನ್ನು ಬದಲಿಸಿ, ಏರುವ್ಯಾಯಾಮದ ಚಿಕಿತ್ಸೆಯನ್ನು ಕೊಡಕೂಡದೆಂದಿತು. ರೋಗಿಗಳು ಮೊದಲಿನಿಂದ ಹೇಳುತ್ತಿದ್ದುದು ಶಾಸ್ತ್ರದೊಳಕ್ಕೆ ಬರಲು ಇಷ್ಟು ಕಾಲ ಹಿಡಿಯಿತು. ಆ ಕಾಲವನ್ನು ಕಳೆದುಕೊಂಡವರು ಶಾಸ್ತ್ರಜ್ಞರಲ್ಲ.

೨೦೨೦ರಿಂದ ಈಚೆಗೆ ಕೋವಿಡ್ ಸೋಂಕಿನ ಅನಂತರ ತಿಂಗಳುಗಟ್ಟಲೆ ಚೇತರಿಸಿಕೊಳ್ಳದವರ ವಿಷಯದಲ್ಲಿಯೂ ಇದೇ ಕಥೆ ಪುನರಾವೃತ್ತವಾಯಿತು. ‘ಲಾಂಗ್ ಕೋವಿಡ್’ ಎಂಬ ಹೆಸರನ್ನು ಇಟ್ಟವರೇ ರೋಗಿಗಳು. ಸಾಕ್ಷಿಗಳು ತಮ್ಮ ಸಾಕ್ಷ್ಯವನ್ನು ತಾವೇ ದಾಖಲಿಸತೊಡಗಿದುದು ಮಾತ್ರ ಈ ಸಲದ ಭೇದ.

೯

ಕೊನೆಯದಾಗಿ, ಈ ವಿಷಯವನ್ನು ನಮ್ಮ ವಾಚಕವರ್ಗದ ಮುಂದೆಯೇ ಇಡುವುದಕ್ಕೆ ಕಾರಣವನ್ನು ಹೇಳಬೇಕು. ಅಧ್ಯಾಪಕರಾದ ನಾವು ಚಿಕಿತ್ಸಕರಲ್ಲದಿದ್ದರೂ ಅನ್ಯರ ದೇಹವನ್ನು ಕುರಿತು ತೀರ್ಪು ಕೊಡುವವರೇ. ಹಾಜರಿಯ ಪುಸ್ತಕ ನಮ್ಮ ಕೈಯಲ್ಲಿದೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದೇ ಅವಧಿಯಲ್ಲಿ ಮೂರು ಸಲ ರಜೆಯ ಪತ್ರ ತಂದಳು. ಮೂರಕ್ಕೂ ಲಗತ್ತಿಸಿದ್ದ ವೈದ್ಯರ ಚೀಟಿಯಲ್ಲಿ ಪರೀಕ್ಷೆಗಳು ಸಹಜವೆಂದಿತ್ತು. ಮೂರನೆಯ ಪತ್ರದ ಅಂಚಿನಲ್ಲಿ ನಾನು ‘ಕಾರಣ ತೃಪ್ತಿಕರವಲ್ಲ’ ಎಂದು ಬರೆದೆ. ಆಕೆ ವಾದಿಸಲಿಲ್ಲ, ನಾಲ್ಕನೆಯ ಪತ್ರವನ್ನು ತರಲಿಲ್ಲ, ಪರೀಕ್ಷೆಗೂ ಕೂರಲಿಲ್ಲ. ಆಕೆಗೆ ಏನಾಗಿತ್ತೆಂಬುದು ನನಗೆ ಇಂದಿಗೂ ತಿಳಿಯದು. ತಿಳಿಯದೆಂಬುದೇ ಇಲ್ಲಿನ ವಿಷಯ. ನಾನು ಆಕೆಯನ್ನು ಕೇಳಿರಲಿಲ್ಲ. ಕಾಗದವನ್ನು ಓದಿ ತೀರ್ಪು ಬರೆದಿದ್ದೆ. ಮೆಕೀವಡಿ ಮತ್ತು ಬಿಯರ್ಡರ ಲೇಖನಗಳನ್ನು ಓದುವಾಗ ಅವರ ದೋಷ ನನಗೆ ಬೇಗನೆ ಗೋಚರಿಸಿದ್ದರೆ, ಅದಕ್ಕೆ ವಿದ್ವತ್ತು ಕಾರಣವಲ್ಲ. ಆ ದೋಷ ನನಗೆ ಪರಿಚಿತವಾಗಿತ್ತು.

ಮೂಲಾಧಾರಗಳನ್ನು ಪ್ರಶ್ನಿಸಿರಿ ಎಂದು ನಾವು ವಿದ್ಯಾರ್ಥಿಗಳಿಗೆ ವರ್ಷವೂ ಬೋಧಿಸುತ್ತೇವೆ. ಮೂಲಾಧಾರವೇ ಜೀವಂತವಾಗಿ ಎದುರು ನಿಂತಿರುವಾಗ ಅದನ್ನು ಪ್ರಶ್ನಿಸುವುದೆಂದರೆ ಸಂಶಯಪಡುವುದು ಮಾತ್ರವಲ್ಲ. ಪ್ರಶ್ನೆಯನ್ನು ಕೇಳಿ ಉತ್ತರ ಮುಗಿಯುವವರೆಗೆ ಕಾಯುವುದು. ರಾಯಲ್ ಫ್ರೀ ಪ್ರಕರಣದಲ್ಲಿ ಅಂಥ ಉತ್ತರಕ್ಕಾಗಿ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಹೊತ್ತಿಗೆ ೨೯೨ ಮಂದಿಯಲ್ಲಿ ಹೇಳಲು ಸಿಕ್ಕವರು ಹತ್ತು ಮಂದಿ.